ಮೋಡ ಬಿಟ್ಟು ನೆಲ ನೋಡುವ ಉಪಗ್ರಹ: ಕಕ್ಷೆಯಲ್ಲೇ ಯೋಚನೆ ಮಾಡಬೇಕಾದದ್ದು ಯಾಕೆ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಬಳಗದ ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್‌ಗೆ ಕೈ ಹಾಕಿದೆವು. ಘಟ್ಟದ ಕಡೆ ಮಳೆಗಾಲದಲ್ಲಿ ಗುಡ್ಡ ಕುಸಿದ ಜಾಗಗಳನ್ನು ಉಪಗ್ರಹ ಚಿತ್ರ ನೋಡಿ ಕಂಡುಹಿಡಿಯುವುದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ನದಿಗೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿದವರಿಗೆ ಈ ವಿಷಯ ಯಾಕೆ ಆರಿಸಿಕೊಂಡೆವು ಅಂತ ಹೇಳಬೇಕಾಗಿಲ್ಲ. ನಮ್ಮಲ್ಲಿ ಇಬ್ಬರು ಅದೇ ರಸ್ತೆಯಲ್ಲಿ ರಜೆಗೆ ಊರಿಗೆ ಹೋಗುವವರು.

ಡೇಟಾಗೆ ದುಡ್ಡು ಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದುಹೋಗುತ್ತವೆ, 10 ಮೀಟರ್ ಪಿಕ್ಸೆಲ್. ಖುಷಿಯಿಂದ ನಮ್ಮ ಸೀಮೆಯ ಜುಲೈ ತಿಂಗಳ ಚಿತ್ರ ತೆರೆದೆವು. ಬಿಳಿ. ಐದು ದಿನದ ನಂತರದ್ದು ತೆರೆದೆವು. ಅದೂ ಬಿಳಿ. ಸೆಕೆಂಡಿಗೆ ಏಳು ಕಿಲೋಮೀಟರ್ ವೇಗದಲ್ಲಿ ಓಡಾಡುವ ಕ್ಯಾಮೆರಾ ಅಷ್ಟು ಕಷ್ಟಪಟ್ಟು ತೆಗೆದು, ಭೂಮಿಗೆ ಇಳಿಸಿ, ನಮ್ಮ ಹಾಸ್ಟೆಲ್ ವೈ-ಫೈನಲ್ಲಿ ಅರ್ಧ ರಾತ್ರಿ ಡೌನ್‌ಲೋಡ್ ಆದದ್ದು ಬರೀ ಮೋಡ.

ಆಗ ಒಬ್ಬ ಕೇಳಿದ: "ಅಲ್ಲ ಮಾರಾಯ, ಮೋಡ ಅಂತ ಮೇಲೇ ಗೊತ್ತಾಗಿದ್ರೆ ಇದನ್ನ ಕಳಿಸೋದೇ ಬೇಡವಾಗಿತ್ತಲ್ವಾ?" ಈ ಲೇಖನ ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ. ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿ.

ಇಲ್ಲಿಯವರೆಗೆ ಉಪಗ್ರಹ ಮಾಡಿದ್ದು ಪೋಸ್ಟ್‌ಮ್ಯಾನ್ ಕೆಲಸ

1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. ನಮ್ಮ ದೇಶದ ಭಾಸ್ಕರ-1 ಹಾರಿದ್ದು 1979ರಲ್ಲಿ, ಬಳಕೆಗೆ ಪೂರ್ತಿ ಸಿದ್ಧವಾದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚ್ 17ರಂದು. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಆಗ ಇಸ್ರೋ ಅಧ್ಯಕ್ಷರು. ಐಆರ್‌ಎಸ್-1ಎ ಕ್ಯಾಮೆರಾಗಳ ಒಂದು ಪಿಕ್ಸೆಲ್ ನೆಲದ ಮೇಲೆ 72.5 ಮೀಟರ್, ಇನ್ನೊಂದು ಬಗೆಯಲ್ಲಿ 36.25 ಮೀಟರ್. ಇವತ್ತು ಅರ್ಧ ಮೀಟರಿಗಿಂತ ಚಿಕ್ಕ ಪಿಕ್ಸೆಲ್ ಕೊಡುವ ಉಪಗ್ರಹಗಳಿವೆ.

ಕಣ್ಣು ಹೀಗೆ ಚುರುಕಾಯಿತು. ಕೆಲಸದ ಕ್ರಮ ಮಾತ್ರ ಬಹುಕಾಲ ಬದಲಾಗಲಿಲ್ಲ. ಕೆಳಗಿನಿಂದ ಆಜ್ಞೆ ಹೋಗುತ್ತದೆ: ಇಂಥ ಹೊತ್ತಿಗೆ ಇಂಥ ಜಾಗದ ಚಿತ್ರ ತೆಗಿ. ಉಪಗ್ರಹ ತೆಗೆಯುತ್ತದೆ, ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಗ್ರೌಂಡ್ ಸ್ಟೇಷನ್ ಕಂಡಾಗ ಇಳಿಸುತ್ತದೆ. ಲಕೋಟೆಯೊಳಗೆ ಏನಿದೆ ಅಂತ ಪೋಸ್ಟ್‌ಮ್ಯಾನ್ ನೋಡುವುದಿಲ್ಲ. ಒಡೆದು ಓದುವುದೆಲ್ಲ ಕೆಳಗೆ, ಗಂಟೆಗಳೋ ದಿನಗಳೋ ಕಳೆದ ಮೇಲೆ.

'ಬುದ್ಧಿವಂತ' ಉಪಗ್ರಹ ಅಂದರೆ ಲಕೋಟೆಯನ್ನು ಮೇಲೇ ಒಡೆದು ಓದುವ ಉಪಗ್ರಹ. ಮೂರು ಹಂತ ಮಾಡಿಕೊಳ್ಳೋಣ. ಮೊದಲನೆಯದು, ತೆಗೆದ ಚಿತ್ರದಲ್ಲಿ ಕೆಲಸಕ್ಕೆ ಬಾರದ್ದನ್ನು ಬಿಡುವುದು. ಎರಡನೆಯದು, ಚಿತ್ರದ ಬದಲು ಅದರಿಂದ ತೆಗೆದ ಉತ್ತರವನ್ನೇ ಕಳಿಸುವುದು: "ಈ ಅಕ್ಷಾಂಶ ರೇಖಾಂಶದಲ್ಲಿ ಬೆಂಕಿ". ಮೂರನೆಯದು, ಕಂಡದ್ದನ್ನು ನೋಡಿಕೊಂಡು ಮುಂದೆ ಏನು ನೋಡಬೇಕು ಅಂತ ತಾನೇ ತೀರ್ಮಾನ ಮಾಡುವುದು.

ಲೆಕ್ಕ ಒಂದು: ಟ್ಯಾಂಕ್ ದೊಡ್ಡದು, ಪೈಪು ಸಣ್ಣದು

ಒಂದು ಕಾಲ್ಪನಿಕ ಉಪಗ್ರಹ ತೆಗೆದುಕೊಳ್ಳೋಣ. ಎತ್ತರ 500 ಕಿ.ಮೀ. ಕಕ್ಷೆಯಲ್ಲಿ ವೇಗ ಸೆಕೆಂಡಿಗೆ 7.6 ಕಿ.ಮೀ., ನೆಲದ ಮೇಲೆ ಅದರ ನೆರಳು ಓಡುವ ವೇಗ ಸುಮಾರು 7 ಕಿ.ಮೀ. ಒಂದು ಸುತ್ತಿಗೆ ಸುಮಾರು 94 ನಿಮಿಷ. (ಸೂತ್ರ ಪಿಯುಸಿಯಲ್ಲೇ ಓದಿದ್ದೇವೆ, ಹಾಕಿ ನೋಡಿ.)

ಕ್ಯಾಮೆರಾದ ಪಿಕ್ಸೆಲ್ 5 ಮೀಟರ್, ಒಮ್ಮೆಗೆ ನೋಡುವ ಅಗಲ 20 ಕಿ.ಮೀ. ಅಂದರೆ ಒಂದು ಸಾಲಿನಲ್ಲಿ 4,000 ಪಿಕ್ಸೆಲ್. ಒಂದು ಸೆಕೆಂಡಿಗೆ 7,000 ÷ 5 = 1,400 ಸಾಲು. ಗುಣಿಸಿದರೆ ಸೆಕೆಂಡಿಗೆ 56 ಲಕ್ಷ ಪಿಕ್ಸೆಲ್. ಇದು ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅಂದುಕೊಳ್ಳಿ, ಅಂದರೆ ಕೆಂಪು, ಹಸಿರು, ನೀಲಿ ಅಂತ ಮೂರೇ ಅಲ್ಲ, ಬೆಳಕನ್ನು 150 ತೆಳು ಬ್ಯಾಂಡ್‌ಗಳಾಗಿ ಸೀಳಿ ನೋಡುವಂಥದ್ದು. ಪ್ರತಿ ಬ್ಯಾಂಡಿಗೆ 12 ಬಿಟ್.

56,00,000 × 150 × 12 = ಸೆಕೆಂಡಿಗೆ ಸುಮಾರು 10 ಗಿಗಾಬಿಟ್.

ಈಗ ಇಳಿಸುವ ಕಡೆ ನೋಡೋಣ. ಸಣ್ಣ ಉಪಗ್ರಹದ ರೇಡಿಯೋ ಸೆಕೆಂಡಿಗೆ 150 ಮೆಗಾಬಿಟ್ ಕಳಿಸುತ್ತದೆ ಅಂತಿಟ್ಟುಕೊಳ್ಳೋಣ. ಒಂದು ಗ್ರೌಂಡ್ ಸ್ಟೇಷನ್ನಿನ ಆಕಾಶದಲ್ಲಿ ಅದು ಇರುವುದು ಎಂಟು ನಿಮಿಷ, ಅಂದರೆ 480 ಸೆಕೆಂಡು. ಒಟ್ಟು 72 ಗಿಗಾಬಿಟ್.

72 ಅನ್ನು 10ರಿಂದ ಭಾಗಿಸಿದರೆ ಏಳು ಸೆಕೆಂಡು ಚಿಲ್ಲರೆ. ಏಳು ಸೆಕೆಂಡಿನಲ್ಲಿ ಉಪಗ್ರಹ ನೆಲದ ಮೇಲೆ ದಾಟುವುದು 50 ಕಿ.ಮೀ. ಬೆಂಗಳೂರಿನಿಂದ ರಾಮನಗರದವರೆಗೆ, ಅಷ್ಟೇ! ಒಂದೂವರೆ ಗಂಟೆ ಭೂಮಿ ಸುತ್ತಿ ಬಂದು ಒಂದು ಪಾಸ್‌ನಲ್ಲಿ ಇಳಿಸಲು ಸಾಧ್ಯವಾಗುವುದು ರಾಮನಗರದವರೆಗಿನ ಒಂದು ಪಟ್ಟಿ. ಡೇಟಾ ಕುಗ್ಗಿಸಿದರೆ ಇದು ಎರಡೋ ಮೂರೋ ಪಟ್ಟು ಹೆಚ್ಚಾದೀತು. ಗ್ರೌಂಡ್ ಸ್ಟೇಷನ್ ಹೆಚ್ಚಿಸಬಹುದು, ಆದರೆ ಪ್ರತಿ ನಿಮಿಷಕ್ಕೂ ಬಾಡಿಗೆ ಇದೆ.

ಇದರ ಮೇಲೆ ಮೋಡ. ಯಾವುದೇ ಕ್ಷಣದಲ್ಲಿ ಭೂಮಿಯ ಮೂರರಲ್ಲಿ ಎರಡು ಭಾಗದಷ್ಟು ಮೋಡದ ಕೆಳಗಿರುತ್ತದೆ. ಕಣ್ಣುಮುಚ್ಚಿ ಕಳಿಸಿದರೆ ಆ ಅಮೂಲ್ಯ 72 ಗಿಗಾಬಿಟ್‌ನಲ್ಲಿ ಸರಾಸರಿ 48 ಮೋಡಕ್ಕೆ ಹೋಯಿತು. ನಮ್ಮ ಗೆಳೆಯ ಕೇಳಿದ ಪ್ರಶ್ನೆ ಎಷ್ಟು ಸರಿ ಅಂತ ಈಗ ಗೊತ್ತಾಯಿತಲ್ಲ.

12 ಮೆಗಾಹರ್ಟ್ಸ್‌ನ ಹಿರಿಯಣ್ಣ

ಇದೆಲ್ಲ ಚಾಟ್‌ಬಾಟ್ ಬಂದ ಮೇಲಿನ ಕಥೆ ಅಂದುಕೊಂಡಿದ್ದೆವು. ತಪ್ಪು. ನಾಸಾ 2000ದ ನವೆಂಬರ್‌ನಲ್ಲಿ ಇಒ-1 ಅನ್ನುವ ಉಪಗ್ರಹ ಹಾರಿಸಿತ್ತು. ಅದಕ್ಕೆ ಹಾರಿದ ಮೇಲೆ, ಕೆಳಗಿನಿಂದಲೇ ಒಂದು ಸ್ವಾಯತ್ತ ಸಾಫ್ಟ್‌ವೇರ್ ಕಳಿಸಿ ಕೂರಿಸಿದರು. ಉಪಗ್ರಹದ ಪ್ರೊಸೆಸರ್ ಓಡುತ್ತಿದ್ದದ್ದು 12 ಮೆಗಾಹರ್ಟ್ಸ್‌ನಲ್ಲಿ. ನಮ್ಮ ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಆರ್ಡುಯಿನೋ ಬೋರ್ಡೇ 16 ಮೆಗಾಹರ್ಟ್ಸ್!

ಅಷ್ಟರಲ್ಲೇ ಅದು ಜ್ವಾಲಾಮುಖಿಯ ಬಿಸಿ, ಮಂಜುಗಡ್ಡೆ ಒಡೆಯುವುದು, ಪ್ರವಾಹದ ನೀರು ಇವನ್ನು ಚಿತ್ರದಲ್ಲಿ ಗುರುತಿಸುತ್ತಿತ್ತು. 2004ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಬಿಸಿಯನ್ನು ತಾನೇ ಕಂಡು, ಮೊದಲೇ ಹಾಕಿದ್ದ ವೇಳಾಪಟ್ಟಿ ಬದಲಿಸಿ, ಕೆಲವು ಗಂಟೆಗಳಲ್ಲಿ ಮತ್ತೊಂದು ಚಿತ್ರ ತೆಗೆಯಿತು. ಬೇರೆ ಉಪಗ್ರಹ ಎಲ್ಲೋ ಬಿಸಿ ಕಂಡರೆ ಇಒ-1ಕ್ಕೆ ಆ ಕಡೆ ನೋಡಲು ಹೇಳುವ ಜಾಲವನ್ನೂ ಕಟ್ಟಿದ್ದರು. 2017ರಲ್ಲಿ ನಿವೃತ್ತಿಯಾಗುವವರೆಗೆ ಕೆಲಸ ನಡೆಯಿತು. ಅಲ್ಲಿ ಡೀಪ್ ಲರ್ನಿಂಗ್ ಇರಲಿಲ್ಲ. ಯಾವ ಬ್ಯಾಂಡಿನಲ್ಲಿ ಎಷ್ಟು ಬೆಳಕು ಬಂದರೆ ಅದು ಬಿಸಿ ಲಾವಾ ಅನ್ನುವ ಭೌತಶಾಸ್ತ್ರ ಮತ್ತು ಚೆನ್ನಾಗಿ ಬರೆದ ಪ್ಲಾನರ್ ಇತ್ತು. ಸಮಸ್ಯೆ ಸರಿಯಾಗಿ ತಿಳಿದಿದ್ದರೆ ಸಣ್ಣ ಯಂತ್ರವೂ ಸಾಕು ಅನ್ನುವ ಪಾಠ ನಮಗೆ ಇಲ್ಲಿ ಸಿಕ್ಕಿತು.

ಬಿಡುವುದರಿಂದ ಆರಿಸುವುದರ ಕಡೆಗೆ

2020ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಫೈ-ಸ್ಯಾಟ್-1 ಹಾರಿಸಿತು. ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡ ಕ್ಯೂಬ್‌ಸ್ಯಾಟ್. ಒಳಗೆ ಇಂಟೆಲ್‌ನ ಮೊವಿಡಿಯಸ್ ಮಿರಿಯಡ್-2 ಚಿಪ್, ಅದರ ಮೇಲೆ ಒಂದು ನ್ಯೂರಲ್ ನೆಟ್‌ವರ್ಕ್. ಮೋಡ ತುಂಬಿದ ಚಿತ್ರ ಗುರುತಿಸುವುದು ಅದರ ಕೆಲಸ. ಮುಂದಿನದು ಫೈ-ಸ್ಯಾಟ್-2, 2024ರ ಆಗಸ್ಟ್‌ನಲ್ಲಿ ಹಾರಿತು. ಫೋನಿಗೆ ಆ್ಯಪ್ ಹಾಕಿದ ಹಾಗೆ ಅದರಲ್ಲಿ ಹಲವು ಆ್ಯಪ್‌ಗಳು: ಮೋಡ ಗುರುತಿಸುವುದು, ಹಡಗು ಹುಡುಕುವುದು, ಚಿತ್ರದಿಂದ ರಸ್ತೆ ನಕ್ಷೆ ಮಾಡುವುದು, ಕಾಡ್ಗಿಚ್ಚು ಕಾಣುವುದು.

ಮೂರನೇ ಹಂತದ ಪ್ರಯೋಗ ನಡೆದದ್ದು 2025ರ ಜುಲೈನಲ್ಲಿ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಕಾಗ್ನಿಸ್ಯಾಟ್-6 ಅನ್ನುವ ಪುಟ್ಟ ಉಪಗ್ರಹದಲ್ಲಿ ಮಾಡಿದ್ದು. ಉಪಗ್ರಹ ಮುಂದಕ್ಕೆ ಬಾಗಿ ಸುಮಾರು 500 ಕಿ.ಮೀ. ಆಚೆಗಿನ ನೆಲ ನೋಡುತ್ತದೆ, ಮೋಡ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ, ಹಿಂದಕ್ಕೆ ಬಾಗಿ ನೇರ ನಿಲ್ಲುತ್ತದೆ, ಆ ಜಾಗ ಬಂದಾಗ ಮೋಡವಿಲ್ಲದ ಕಡೆ ಮಾತ್ರ ಚಿತ್ರ ತೆಗೆಯುತ್ತದೆ. ಇಷ್ಟಕ್ಕೂ ಸಿಗುವ ಸಮಯ 60ರಿಂದ 90 ಸೆಕೆಂಡು. ಘಾಟಿ ಬಸ್ಸಿನ ಡ್ರೈವರ್ ತಿರುವಿನ ಆಚೆ ಲೈಟ್ ಬರ್ತಿದೆಯಾ ಅಂತ ಮೊದಲೇ ನೋಡಿಕೊಂಡು ಗೇರ್ ಬದಲಿಸುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಇಲ್ಲಿ ಭೂಮಿಯಿಂದ ಆಜ್ಞೆ ಬರಲು ಸಮಯವೇ ಇಲ್ಲ. ತೀರ್ಮಾನ ಮೇಲೇ ಆಗಬೇಕು.

ಲೆಕ್ಕ ಎರಡು: ಮೇಲೆ ಕಳಿಸುವ ದಾರಿ ಇನ್ನೂ ಕಿರಿದು

"ದೊಡ್ಡ ಮಾಡೆಲ್ ಹಾಕಿಬಿಡೋಣ" ಅಂತ ನಮ್ಮಲ್ಲೂ ಒಬ್ಬ ಹೇಳಿದ. ಹಾಕೋಣ, ಲೆಕ್ಕ ಮಾಡಿ. ಆಜ್ಞೆ ಕಳಿಸುವ ಅಪ್‌ಲಿಂಕ್ ಸೆಕೆಂಡಿಗೆ 64 ಕಿಲೋಬಿಟ್ ಅಂತಿಟ್ಟುಕೊಳ್ಳಿ. 480 ಸೆಕೆಂಡಿಗೆ ಸುಮಾರು 31 ಮೆಗಾಬಿಟ್, ಅಂದರೆ 4 ಮೆಗಾಬೈಟ್‌ಗಿಂತ ಕಡಿಮೆ. 50 ಲಕ್ಷ ಪ್ಯಾರಾಮೀಟರ್‌ಗಳ ಮಾಡೆಲ್ 32 ಬಿಟ್‌ನಲ್ಲಿ 20 ಮೆಗಾಬೈಟ್. ಕಳಿಸಲು ಆರು ಪಾಸ್ ಬೇಕು. ಪ್ರತಿ ಸಂಖ್ಯೆಯನ್ನೂ 8 ಬಿಟ್‌ಗೆ ಇಳಿಸಿದರೆ 5 ಮೆಗಾಬೈಟ್, ಎರಡೇ ಪಾಸ್. ಕ್ಲಾಸಿನಲ್ಲಿ ಕ್ವಾಂಟೈಸೇಷನ್ ಅಂದಾಗ ಆಕಳಿಸಿದವರು ದಯವಿಟ್ಟು ಮತ್ತೊಮ್ಮೆ ನೋಟ್ಸ್ ತೆಗೆಯಿರಿ. ಕಳಿಸಿದ್ದು ಸರಿಯಾಗಿ ತಲುಪಿತಾ ಅಂತ ಪರೀಕ್ಷೆ ಮಾಡಲು, ತಪ್ಪಿದ ಪ್ಯಾಕೆಟ್ ಮತ್ತೆ ಕಳಿಸಲು ಬೇರೆ ಸಮಯ ಬೇಕು.

ಇನ್ನು ವಿದ್ಯುತ್. ಸಣ್ಣ ಉಪಗ್ರಹದ ಒಟ್ಟು ಬಜೆಟ್ ಕೆಲವು ಹತ್ತು ವ್ಯಾಟ್. ಕಕ್ಷೆಯ ಮೂರನೇ ಒಂದು ಭಾಗದಷ್ಟು ಹೊತ್ತು ಭೂಮಿಯ ನೆರಳಿನಲ್ಲಿ ಬ್ಯಾಟರಿ ಮೇಲೇ ಬದುಕಬೇಕು. ಚಿಪ್ ಬಿಸಿಯಾದರೆ ಫ್ಯಾನ್ ಹಾಕುವಂತಿಲ್ಲ, ಗಾಳಿಯೇ ಇಲ್ಲವಲ್ಲ. ಬಿಸಿಯನ್ನು ಲೋಹದ ಮೂಲಕ ಹೊರಮೈಗೆ ಹರಿಸಿ, ಅಲ್ಲಿಂದ ವಿಕಿರಣವಾಗಿ ಹೊರಹಾಕಬೇಕು. ಹೀಗಾಗಿ ಮೆಕ್ಯಾನಿಕಲ್‌ನವರು ಇಲ್ಲದೆ ಈ ಎಐ ಒಂದು ಸುತ್ತೂ ಓಡುವುದಿಲ್ಲ.

ಮೂರನೆಯದು ವಿಕಿರಣ. ಆಕಾಶದಿಂದ ಬಂದ ಒಂದು ಕಣ ಮೆಮೊರಿಯ ಒಂದು ಬಿಟ್ ತಿರುಗಿಸಬಲ್ಲದು. 8 ಬಿಟ್‌ನಲ್ಲಿ 5 ಅಂದರೆ 00000101. ಮೊದಲ ಬಿಟ್ ಒಂದೇ ತಿರುಗಿದರೆ 10000101, ಟೂಸ್ ಕಾಂಪ್ಲಿಮೆಂಟ್‌ನಲ್ಲಿ ಅದು ಮೈನಸ್ 123. ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ಎರರ್ ಬರುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಬರುತ್ತಾ ಇರುತ್ತದೆ. ಅದಕ್ಕೇ ತಪ್ಪು ತಿದ್ದುವ ಮೆಮೊರಿ, ಆಗಾಗ ಮಾಡೆಲನ್ನು ಮೂಲ ಪ್ರತಿಯ ಜೊತೆ ತಾಳೆ ನೋಡುವ ಕ್ರಮ, ಮೇಲ್ವಿಚಾರಣೆಗೆ ಒಂದು ಗಟ್ಟಿ ಸರಳ ಪ್ರೊಸೆಸರ್, ಇವೆಲ್ಲ ಬೇಕು.

ಲೆಕ್ಕ ಮೂರು: ಶೇಕಡ 1 ತಪ್ಪು ಎಷ್ಟು ದೊಡ್ಡದು?

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟಿತು. ಉಪಗ್ರಹವೇ ಬೆಂಕಿ ಕಂಡು ತಕ್ಷಣ ಸಂದೇಶ ಕಳಿಸಿದರೆ? ಕನಸು ಒಳ್ಳೆಯದು. ಲೆಕ್ಕ ಮಾಡೋಣ.

ಒಂದು ದಿನ ಉಪಗ್ರಹ 1,00,000 ತುಂಡು ಚಿತ್ರ ನೋಡುತ್ತದೆ. ನಿಜವಾದ ಬೆಂಕಿ ಇರುವುದು 10ರಲ್ಲಿ. ನಮ್ಮ ಮಾಡೆಲ್ ಹತ್ತರಲ್ಲಿ ಒಂಬತ್ತು ಬೆಂಕಿ ಹಿಡಿಯುತ್ತದೆ, ಬೆಂಕಿ ಇಲ್ಲದ ಕಡೆ ನೂರಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಹೆಮ್ಮೆಯಿಂದ ಬರೆಯುವ ಅಂಕಿ. ಬರುವ ಸಂದೇಶ ಎಷ್ಟು? ನಿಜವಾದವು 9. ಸುಳ್ಳು 99,990ರ ಶೇಕಡ 1, ಅಂದರೆ ಸುಮಾರು 1,000. ಒಟ್ಟು 1,009 ಕರೆಯಲ್ಲಿ 9 ನಿಜ. ಎರಡನೇ ದಿನ ಅರಣ್ಯ ಇಲಾಖೆಯವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕಥೆ, ಗಣಿತದಲ್ಲಿ.

ಪರಿಹಾರ ಒಂದೇ ಮಾಡೆಲನ್ನು ಇನ್ನಷ್ಟು ತಿದ್ದುತ್ತಾ ಕೂರುವುದರಲ್ಲಿ ಸಿಗುವುದಿಲ್ಲ. ಅನುಮಾನ ಬಂದ ಆ 1,009 ಜಾಗಗಳನ್ನು ಮಾತ್ರ ಬೇರೆ ಬ್ಯಾಂಡಿನಲ್ಲಿ ಅಥವಾ ಹಿಂದೆ ಬರುತ್ತಿರುವ ಇನ್ನೊಂದು ಉಪಗ್ರಹದಿಂದ ಮತ್ತೆ ನೋಡಿಸಬೇಕು. ಎರಡನೇ ಕಣ್ಣಿನ ತಪ್ಪು ಮೊದಲನೆಯದಕ್ಕೆ ಸಂಬಂಧವಿಲ್ಲದಿದ್ದರೆ, ಅದರದ್ದೂ ಶೇಕಡ 1 ಆಗಿದ್ದರೆ, ಸುಳ್ಳು 1,000 ಇದ್ದದ್ದು 10ಕ್ಕೆ ಇಳಿಯುತ್ತದೆ. ಈಗ ಕರೆಗಳಲ್ಲಿ ಹತ್ತಿರ ಹತ್ತಿರ ಅರ್ಧ ನಿಜ. ಉಪಗ್ರಹಗಳು ತಮ್ಮೊಳಗೆ ಮಾತಾಡಿಕೊಂಡು ಗುಂಪಾಗಿ ಕೆಲಸ ಮಾಡುವುದೇ ಮುಂದಿನ ದಾರಿ ಅಂತ ತಜ್ಞರು ಹೇಳುವುದರ ಹಿಂದಿನ ಲೆಕ್ಕ ಇದು.

ಎಸೆದದ್ದು ಮತ್ತೆ ಸಿಗುವುದಿಲ್ಲ

ಇಷ್ಟು ತಿಳಿದ ಮೇಲೆ ನಾವೂ ಒಂದು ಸಣ್ಣ ಮೋಡ-ಗುರುತು ಮಾಡೆಲ್ ತಯಾರಿಸಿದೆವು. ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರಗಳಲ್ಲಿ ಕಲಿಸಿದೆವು, ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂತು. ಆಮೇಲೆ ಜನವರಿಯ ಶುಭ್ರ ದಿನದ ನಮ್ಮೂರಿನ ಚಿತ್ರ ಕೊಟ್ಟೆವು. ನಮ್ಮ ಹಾಸ್ಟೆಲ್ಲಿನ ಹೊಸ ಶೀಟಿನ ಮಾಡನ್ನೂ, ಅಡಿಕೆ ಒಣಗಿಸುವ ಒಂದು ದೊಡ್ಡ ಶೆಡ್ಡನ್ನೂ ಅದು ಮೋಡ ಅಂದಿತು. ಕಣಿವೆಯಲ್ಲಿ ಕೂತಿದ್ದ ಬೆಳಗಿನ ತೆಳು ಮಂಜನ್ನು ನೆಲ ಅಂದಿತು. ನಕ್ಕೆವು. ಆಮೇಲೆ ನಗು ನಿಂತಿತು. ಇದೇ ಮಾಡೆಲ್ ಮೇಲೆ ಇದ್ದಿದ್ದರೆ ಆ ಚಿತ್ರ ಕೆಳಗೆ ಬರುತ್ತಲೇ ಇರಲಿಲ್ಲ. ತಪ್ಪಾಗಿದೆ ಅಂತ ತಿಳಿಯುವ ದಾರಿಯೂ ಇರುತ್ತಿರಲಿಲ್ಲ.

ಹೊಸ ಕ್ಯಾಮೆರಾ ಹಾರುವ ಮೊದಲು ಅದರ ಚಿತ್ರಗಳೇ ಇರುವುದಿಲ್ಲ. ಫೈ-ಸ್ಯಾಟ್-1ರ ಮಾಡೆಲನ್ನೂ ಸೆಂಟಿನೆಲ್-2 ಚಿತ್ರಗಳನ್ನು ಹೊಸ ಕ್ಯಾಮೆರಾದಂತೆ ಕಾಣುವ ಹಾಗೆ ಬದಲಾಯಿಸಿ ಕಲಿಸಿದ್ದರು. ಯಾವ ನೆಲದ ಚಿತ್ರದಲ್ಲಿ ಕಲಿಸಿದೆವೋ ಆ ನೆಲ ಅದಕ್ಕೆ ಚೆನ್ನಾಗಿ ಗೊತ್ತು. ಮಲೆನಾಡಿನ ಮಂಜು, ಗೋಕರ್ಣದ ಕಡೆಯ ಉಪ್ಪಿನ ಗದ್ದೆ, ಬಳ್ಳಾರಿಯ ಗಣಿ ಧೂಳು ಕಲಿಸದಿದ್ದರೆ ಅವೆಲ್ಲ ಅದರ ಲೆಕ್ಕದಲ್ಲಿ ತಪ್ಪಾಗಿ ಬೀಳುತ್ತವೆ. ಕೆಳಗೆ ತಪ್ಪಿದರೆ ಕೋಡ್ ತಿದ್ದಿ ಮತ್ತೆ ಓಡಿಸಬಹುದು. ಮೇಲೆ ಅಳಿಸಿದ ಚಿತ್ರ ಹೋದ ಹಾಗೇ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಅನುಮಾನವಿದ್ದದ್ದನ್ನು ಎಸೆಯಬಾರದು, ಸಣ್ಣದು ಮಾಡಿಯಾದರೂ ಇಳಿಸಬೇಕು. 'ಬೇಡ' ಅಂದ ಚಿತ್ರಗಳಲ್ಲೂ ಕೆಲವನ್ನು ಲಾಟರಿ ಎತ್ತಿದ ಹಾಗೆ ಆರಿಸಿ ಕೆಳಗೆ ತಂದು, ಮನುಷ್ಯರು ಪರೀಕ್ಷೆ ಮಾಡಬೇಕು.

ನಮ್ಮ ಕಡೆ ಏನು ನಡೀತಿದೆ?

ಮೋಡಕ್ಕೆ ಇನ್ನೊಂದು ಮದ್ದು ರೇಡಾರ್. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್, ನಾಸಾ ಮತ್ತು ಇಸ್ರೋ ಸೇರಿ ಕಟ್ಟಿದ್ದು. ಎಲ್ ಮತ್ತು ಎಸ್ ಎರಡು ಬ್ಯಾಂಡಿನ ರೇಡಾರ್, 12 ಮೀಟರ್ ಅಗಲದ ಆಂಟೆನಾ. ಮಳೆ ಮೋಡದ ಒಳಗಿಂದಲೂ, ರಾತ್ರಿಯಲ್ಲೂ ನೆಲ ಕಾಣುತ್ತದೆ. 12 ದಿನಕ್ಕೊಮ್ಮೆ ಅದೇ ಹಾದಿಗೆ ಬಂದು ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದ್ದನ್ನೂ ಅಳೆಯಬಲ್ಲದು. ಗುಡ್ಡ ಕುಸಿಯುವ ಮೊದಲು ಮೆಲ್ಲಗೆ ಜಾರುತ್ತಿದ್ದರೆ ಅದು ಸಿಗುವ ಸಾಧ್ಯತೆ ಇಲ್ಲಿದೆ. 2024ರ ಜುಲೈ ಕೊನೆಯಲ್ಲಿ ವಯನಾಡಿನ ಭೂಕುಸಿತದ ನಂತರ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕಾರ್ಟೋಸ್ಯಾಟ್-3 ಜೊತೆಗೆ ರಿಸ್ಯಾಟ್ ರೇಡಾರ್ ಚಿತ್ರವನ್ನೂ ಬಳಸಿ ನಕ್ಷೆ ಮಾಡಿತ್ತು. ಆದರೆ ರೇಡಾರ್ ಡೇಟಾ ಇನ್ನೂ ಭಾರ. ನಿಸಾರ್‌ನಿಂದ ದಿನಕ್ಕೆ ಸುಮಾರು 80 ಟೆರಾಬೈಟ್ ಡೇಟಾ ತಯಾರಾಗುತ್ತದೆ ಅನ್ನುವುದು ನಾಸಾದ ಅಂದಾಜು. ನಮ್ಮ ಮೊದಲ ಲೆಕ್ಕ ಇಲ್ಲಿ ಮತ್ತೆ ಎದುರಾಗುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್, ಕಾಲೇಜಿನಲ್ಲಿದ್ದಾಗಲೇ ಗೆಳೆಯನ ಜೊತೆ 2019ರಲ್ಲಿ ಪಿಕ್ಸೆಲ್ ಕಂಪನಿ ಶುರು ಮಾಡಿದರು. ಬೆಂಗಳೂರಿನ ಈ ಕಂಪನಿಯ ಮೊದಲ ಮೂರು ಫೈರ್‌ಫ್ಲೈ ಹೈಪರ್‌ಸ್ಪೆಕ್ಟ್ರಲ್ ಉಪಗ್ರಹಗಳು 2025ರ ಜನವರಿಯಲ್ಲಿ ಹಾರಿದವು. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತವನ್ನೇ ಪ್ರಯೋಗಶಾಲೆ ಮಾಡಿದ ಪೋಯೆಮ್-4ರಲ್ಲಿ, ಹೈದರಾಬಾದಿನ ಒಂದು ಸ್ಟಾರ್ಟ್‌ಅಪ್ ಕಕ್ಷೆಯಲ್ಲಿ ಎಐ ಮಾಡೆಲ್ ಓಡಿಸುವ ಪೇಲೋಡ್ ಇಟ್ಟಿತ್ತು. ಅದೇ ಪೋಯೆಮ್-4ರಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನ ಮತ್ತು ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯ ವಿದ್ಯಾರ್ಥಿಗಳ ಪೇಲೋಡ್‌ಗಳೂ ಇದ್ದವು. ಅದಕ್ಕೂ ಮೊದಲು, 2010ರ ಜುಲೈ 12ರಂದು, ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಹಗುರ ಸ್ಟಡ್‌ಸ್ಯಾಟ್ ಹಾರಿತ್ತು. ಅದರಲ್ಲಿ ಭೂಮಿಯ ಚಿತ್ರ ತೆಗೆಯುವ ಕ್ಯಾಮೆರಾ ಇತ್ತು. "ನಮ್ಮಂಥವರ ಕೈಲಿ ಆಗುತ್ತಾ" ಅಂತ ಕೇಳುವವರಿಗೆ ನಮ್ಮಂಥವರೇ ಉತ್ತರ ಕೊಟ್ಟಾಗಿದೆ.

ಇವತ್ತೇ ಶುರು ಮಾಡುವುದಾದರೆ

ರಾಕೆಟ್ ಬೇಕಿಲ್ಲ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್ ಚಿತ್ರ, ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭೂನಿಧಿಯಲ್ಲಿ ನಮ್ಮ ಉಪಗ್ರಹಗಳ ಚಿತ್ರ ಸಿಗುತ್ತವೆ. ನಿಮ್ಮ ಊರಿನ ಒಂದು ವರ್ಷದ ಚಿತ್ರ ತೆಗೆದುಕೊಳ್ಳಿ. ಮೋಡ ಯಾವುದು, ಮಂಜು ಯಾವುದು, ಶೀಟಿನ ಮಾಡು ಯಾವುದು ಅಂತ ಕೈಯಲ್ಲೇ ಗುರುತು ಹಾಕಿ. ಬೇಸರದ ಕೆಲಸ, ನಿಜ. ಆದರೆ ಆ ಬಿಳಿ ಚುಕ್ಕೆ ಅಡಿಕೆ ಶೆಡ್ಡು ಅಂತ ಹೇಳಬಲ್ಲವರು ಆ ಊರಿನವರು ಮಾತ್ರ. ನಾವು ಈಗ ನಮ್ಮ ತಾಲ್ಲೂಕಿಗೆ ಇದನ್ನು ಶುರು ಮಾಡಿದ್ದೇವೆ. ಭಾನುವಾರ ಮಧ್ಯಾಹ್ನ ಊಟದ ಮೇಲೆ ಲ್ಯಾಬಿನಲ್ಲಿ ಸೇರುತ್ತೇವೆ, ಬ್ರಾಂಚ್ ಯಾವುದಾದರೂ ಸರಿ, ಬನ್ನಿ.

ಬರುವ ಮೊದಲು ಮೂರು ಮನೆಗೆಲಸ:

1. ಲೆಕ್ಕ ಒಂದರಲ್ಲಿ 150 ಬ್ಯಾಂಡ್ ಬದಲು 4 ಬ್ಯಾಂಡ್ ಹಾಕಿ. ಒಂದು ಪಾಸ್‌ನಲ್ಲಿ ಬೆಂಗಳೂರಿನಿಂದ ಎಲ್ಲಿಯವರೆಗಿನ ಪಟ್ಟಿ ಇಳಿಸಬಹುದು?

2. ಲೆಕ್ಕ ಮೂರರಲ್ಲಿ ಎರಡನೇ ಉಪಗ್ರಹವೂ ಹತ್ತರಲ್ಲಿ ಒಂದು ಬೆಂಕಿ ತಪ್ಪಿಸಿದರೆ, ಇಬ್ಬರೂ ಒಪ್ಪಿದ ಮೇಲೇ ಕರೆ ಮಾಡುವುದಾದರೆ, ಹತ್ತು ಬೆಂಕಿಯಲ್ಲಿ ಸರಾಸರಿ ಎಷ್ಟು ಕೈತಪ್ಪುತ್ತವೆ?

3. ಆ ಕೈತಪ್ಪಿದ ಬೆಂಕಿ ನಿಮ್ಮ ಊರಿನ ಪಕ್ಕದ ಕಾಡಿನದ್ದಾದರೆ, ಸುಳ್ಳು ಕರೆ ಎಷ್ಟು ಬಂದರೂ ಪರವಾಗಿಲ್ಲ ಅನ್ನುತ್ತೀರಾ? ಗೆರೆ ಎಲ್ಲಿ ಎಳೆಯುತ್ತೀರಿ? ಇದಕ್ಕೆ ಕ್ಯಾಲ್ಕುಲೇಟರ್ ಸಾಲದು. ಭಾನುವಾರ ಜಗಳ ಆಡೋಣ.